ಕಾರಿನ ಎಸಿ ಗ್ಯಾಸ್ ಮನೆಯಲ್ಲೇ ಹಾಕುವುದಾದರೆ

ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಎಸಿ ತಣ್ಣಗಾಗದಿದ್ದರೆ ಎಲ್ಲರೂ ಗ್ಯಾಸ್ ಹಾಕಿಸು ಅಂತಾರೆ. ಅದೇನು ಪೆಟ್ರೋಲ್ ಥರ ಖರ್ಚಾಗುತ್ತಾ? ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ನಾನಂತೂ ಮೊದಲು ಕಾರೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡುತ್ತೇನೆ, ಆಲೆಮನೆಗಳ ಕಡೆ ಓಡಾಡುವ ಕಾರಲ್ಲಿ ಧೂಳು, ಬೂದಿ ಎಲ್ಲಾ ಅಲ್ಲೇ ಕೂತಿರುತ್ತದೆ.

ಆಮೇಲೂ ತಂಪಿಲ್ಲವಾ? ಬಾನೆಟ್ ಒಳಗಿನ ಸ್ಟಿಕ್ಕರ್ ನೋಡಿ. ಅದರಲ್ಲಿ ಗ್ಯಾಸಿನ ಹೆಸರು ಆರ್-134ಎ ಅಂತಿದ್ದರೆ ಅದೇ ಗ್ಯಾಸಿನ ಕ್ಯಾನ್, ಬೇರೆಯದು ಬೇಡ. ಕನ್ನಡಕ, ಗ್ಲೌಸ್ ಹಾಕಿಕೊಂಡು, ಎಂಜಿನ್ ಚಾಲೂ ಇಟ್ಟು, ಎಸಿ ಫುಲ್ ಮಾಡಿ, ಕ್ಯಾನ್ ನೆಟ್ಟಗೆ ಹಿಡಿದು ದಪ್ಪ ಪೈಪಿನ ಲೋ ಸೈಡ್ (ಕಡಿಮೆ ಒತ್ತಡದ) ಪೋರ್ಟಿಗೆ ಮಾತ್ರ ಹಾಕಬೇಕು. ಹೈ ಸೈಡಿಗೆ ಹಾಕಿದರೆ ಅಲ್ಲಿನ ಜಾಸ್ತಿ ಒತ್ತಡಕ್ಕೆ ಕ್ಯಾನ್ ಸಿಡಿಯಬಹುದು. ಜಾಸ್ತಿ ತುಂಬಿದರೆ ತಂಪು ಇನ್ನೂ ಕಡಿಮೆ, ಗ್ಯಾಸ್ ಒತ್ತುವ ಕಂಪ್ರೆಸರ್‌ಗೂ ಪೆಟ್ಟು. ತಿಂಗಳಲ್ಲೇ ಮತ್ತೆ ಬಿಸಿಗಾಳಿ ಬಂದರೆ ಇನ್ನೊಂದು ಕ್ಯಾನ್ ಸುಮ್ನೆ ದಂಡ, ಲೀಕ್ ಹುಡುಕಿಸಿ.