ಮೂರನೆಯ ಶಾಲೆ

ಮೈಸೂರು, 14 ಮೇ 2024, ಮಂಗಳವಾರ

ಅಕ್ಕನ ಮಗನನ್ನು ಒಂದನೆಯ ತರಗತಿಗೆ ಸೇರಿಸಲೆಂದು ಇಂದು ಮೂರನೆಯ ಶಾಲೆಗೆ ಹೋಗಿ ಬಂದೆವು. ಅರ್ಜಿಗೆ ಲಗತ್ತಿಸಿದ್ದ ಪ್ರಮಾಣಪತ್ರದಲ್ಲಿ ‘ಆಟಿಸಂ’ ಎಂಬ ಪದ ಕಣ್ಣಿಗೆ ಬೀಳುವವರೆಗೂ ಮುಖ್ಯೋಪಾಧ್ಯಾಯಿನಿಯವರ ಮಾತು ಸಲೀಸಾಗಿಯೇ ಸಾಗಿತ್ತು. ಆಮೇಲೆ ಅವರು ಕಡತ ಮುಚ್ಚಿ, “ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯವಿಲ್ಲ ಮೇಡಂ, ಬೇರೆ ಪೋಷಕರೂ ಆಕ್ಷೇಪಿಸುತ್ತಾರೆ” ಎಂದರು. ಹುಡುಗ ಅಷ್ಟು ಹೊತ್ತೂ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದ. ಹದಿನಾಲ್ಕಕ್ಕೆ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಅವನೊಡನೆ ಅಲ್ಲಿ ಯಾರೂ ಒಂದು ಮಾತನ್ನೂ ಆಡಲಿಲ್ಲ.

ನನಗೆ ನನ್ನ ಶಾಲೆಯ ಗಂಟೆ ನೆನಪಾಯಿತು. ಜಗಲಿಯ ತೊಲೆಗೆ ತೂಗುಬಿಟ್ಟಿದ್ದ ರೈಲು ಹಳಿಯ ತುಂಡು ಅದು. ಕಬ್ಬಿಣದ ಸಲಾಕೆಯಿಂದ ಬಡಿದಾಗ ಆ ಸದ್ದು ಹಲ್ಲಿನ ಬೇರಿನವರೆಗೂ ಇಳಿಯುತ್ತಿತ್ತು. ನಾನು ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುವುದನ್ನು ಸೊಕ್ಕೆಂದು ತಿಳಿದ ಮೇಷ್ಟರು, ಮೂರನೆಯ ತರಗತಿಯಲ್ಲಿ ಒಂದು ವಾರ ನನ್ನನ್ನು ಆ ಹಳಿಯ ಕೆಳಗೇ ನಿಲ್ಲಿಸಿದರು. ನನಗೂ ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದು ಮೂವತ್ತಮೂರನೆಯ ವಯಸ್ಸಿನಲ್ಲಿ. ಕನ್ನಡದಲ್ಲಿ ಇದಕ್ಕೆ ‘ಸ್ವಲೀನತೆ’ ಎನ್ನುತ್ತಾರೆ, ತನ್ನಲ್ಲೇ ಮುಳುಗಿರುವುದು ಎಂಬ ಅರ್ಥದಲ್ಲಿ. ಆ ಪದ ನನಗೆ ಒಗ್ಗುವುದಿಲ್ಲ. ಹೊರಗಿನ ಸದ್ದು, ಬೆಳಕು, ವಾಸನೆಗಳೆಲ್ಲ ತಡೆಯಿಲ್ಲದೆ ಒಳನುಗ್ಗುವುದೇ ನನ್ನ ಕಷ್ಟ.

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಅದೂ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವಿಕಲ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳಬೇಕೆಂದು ಅದರ 16ನೆಯ ಸೆಕ್ಷನ್ ಹೇಳುತ್ತದೆ. ಅದನ್ನು ನೆನಪಿಸಿ, ಸೇರಿಸಿಕೊಳ್ಳುವುದಿಲ್ಲವೆಂಬುದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದೆ. ಕೊಡಲಿಲ್ಲ.

ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು, ಅವನು ಕೈ ಅಲುಗಾಡಿಸುವುದನ್ನು ನೋಡಿ, ಮೊಬೈಲ್ ಕೊಟ್ಟು ಬೆಳೆಸಿದರೆ ಹೀಗೇ ಆಗುವುದು ಎಂದು ಅಕ್ಕನಿಗೆ ಬುದ್ಧಿ ಹೇಳಿದರು. ಶಾಲೆಯಲ್ಲಿ ಗಟ್ಟಿಯಾಗಿ ನಿಂತಿದ್ದ ಅಕ್ಕ ಆಗ ಅತ್ತಳು.

ಈಗ ರಾತ್ರಿ ಹತ್ತು ಗಂಟೆ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಬೇಕಾದ ದೂರನ್ನು ಅಕ್ಕ ಬರೆಯುತ್ತಿದ್ದಾಳೆ. ಅವನಿಗೆ ಬೇಕಾದುದನ್ನು ನಾನು ಹೇಳಿ ಬರೆಸಿದೆ: ಗಂಟೆಯಿಂದ ದೂರ, ಗೋಡೆಯ ಪಕ್ಕದಲ್ಲೊಂದು ಜಾಗ, ಗಂಟೆ ಬಾರಿಸುವ ಮುನ್ನ ಒಂದು ಸೂಚನೆ, ಉತ್ತರ ಹೇಳಲು ಇನ್ನಷ್ಟು ಸಮಯ, ಮಾತನಾಡುವಾಗ ಮುಖ ನೋಡಲೇಬೇಕೆಂಬ ಒತ್ತಾಯ ಬೇಡ. ಅಕ್ಕ ಮೊದಲ ಸಾಲಿನಲ್ಲಿ ‘ದಯಮಾಡಿ’ ಎಂದು ಬರೆದಿದ್ದಳು. ಈಗ ಅದನ್ನು ಹೊಡೆದುಹಾಕಿದ್ದಾಳೆ.