ಅಗ್ಗದಲ್ಲಿ ಮಾಡಿದ ಬೆಂಚು ಮಳೆಗೆ ನಿಲ್ಲುತ್ತದಾ?

ಸರಕು ಪೇರಿಸಿ ಸಾಗಿಸುವ ಹಳೆ ಮರದ ಪ್ಯಾಲೆಟ್ಟು, ಮುರಿದ ಬಾಗಿಲು, ಕಟ್ಟಡ ಮುಗಿದ ಮೇಲೆ ಮಿಕ್ಕ ಕಾಂಕ್ರೀಟ್ ಬ್ಲಾಕು ಕಣ್ಣಿಗೆ ಬಿದ್ದರೆ ಸಾಕು, ಅಂಗಳಕ್ಕೊಂದು ಬೆಂಚು ಮಾಡಿಬಿಡೋಣ ಅನ್ನಿಸುತ್ತದೆ. ಅದರ ಹಿಂದೆಯೇ ಬರುವ ಪ್ರಶ್ನೆ ಯಾವಾಗಲೂ ಒಂದೇ: "ಇಷ್ಟು ಅಗ್ಗದಲ್ಲಿ ಮಾಡಿದ್ದು ಮಳೆಗೆ ನಿಲ್ಲುತ್ತದಾ?"

ನಿಲ್ಲುತ್ತದೆ. ಮರ ಪುಕ್ಕಟೆ ಸಿಕ್ಕಿದ್ದಾದರೂ ಪರವಾಗಿಲ್ಲ. ಆದರೆ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬಲ್ಲಿ ಬಹಳ ಜನ ಉಲ್ಟಾ ಹೊಡೆಯುತ್ತಾರೆ. ಒಳ್ಳೆ ಹಲಗೆಗೆ ದುಡ್ಡು ಸುರಿದು, ಸ್ಕ್ರೂ ಮತ್ತು ಪ್ರೈಮರ್‌ನ ಸರದಿ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಸಾಧಾರಣ ಮರಕ್ಕೆ ಒಳ್ಳೆಯ ಸ್ಕ್ರೂ, ಒಳ್ಳೆಯ ಬಣ್ಣ ಹಾಕಿದ ಬೆಂಚು, ಒಳ್ಳೆಯ ಮರಕ್ಕೆ ಕಳಪೆ ಸ್ಕ್ರೂ ಹಾಕಿದ ಬೆಂಚಿಗಿಂತ ಹೆಚ್ಚು ಕಾಲ ಬದುಕುವುದು ಮಾಮೂಲು.

ಮೊದಲು, ಹೊರಗಿಟ್ಟ ಮರ ಯಾಕೆ ಹಾಳಾಗುತ್ತದೆ ನೋಡೋಣ. ಮಳೆಯಲ್ಲಿ ನೆನೆದರೆ ಮರ ಕೊಳೆಯುವುದಿಲ್ಲ. ನೆನೆದು ಒಣಗದೆ ಉಳಿದರೆ ಕೊಳೆಯುತ್ತದೆ. ಮರದೊಳಗಿನ ತೇವ ಸುಮಾರು 20 ಶೇಕಡಾಕ್ಕಿಂತ ಹೆಚ್ಚಾಗಿ ಬಹಳ ದಿನ ಹಾಗೇ ನಿಂತಾಗ ಶಿಲೀಂಧ್ರ ಬೇರೂರುತ್ತದೆ. ಹಾಗಾಗಿ ಹಲಗೆಯ ಬಿಸಿಲು ಬೀಳುವ ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿದರೂ ಗಟ್ಟಿಯಾಗಿಯೇ ಇರುತ್ತದೆ. ಕೊಳೆ ಶುರುವಾಗುವುದು ಎರಡು ಹಲಗೆ ಒಂದಕ್ಕೊಂದು ಒತ್ತಿ ಕೂತ ಜಾಗದಲ್ಲಿ, ಕಾಲು ನೆಲಕ್ಕೆ ತಾಗುವಲ್ಲಿ, ಸ್ಕ್ರೂ ತಲೆಯ ಗುಳಿಯಲ್ಲಿ. ಅಡ್ಡ ಕೊಯ್ದ ತುದಿಗಳು ಇನ್ನೂ ಅಪಾಯದ ಜಾಗ. ಮರದ ನಾಳಗಳೆಲ್ಲ ಅಲ್ಲಿ ಬಾಯಿ ತೆರೆದುಕೊಂಡಿರುವುದರಿಂದ ಹಲಗೆಯ ಮುಖಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಒಳಗೆ ಹೋಗುತ್ತದೆ. ಹಾಗಾಗಿ ಏನೇ ಮಾಡಿದರೂ ಮೂರು ಕೆಲಸ ತಪ್ಪಿಸಬಾರದು: ಹಲಗೆಗಳ ನಡುವೆ 5ರಿಂದ 8 ಮಿ.ಮೀ. ಸಂದು ಬಿಡಿ, ಕಾಲುಗಳನ್ನು ಮಣ್ಣಿಗೆ ತಾಗಿಸಬೇಡಿ, ಕೊಯ್ದ ಪ್ರತಿ ತುದಿಗೂ ಜೋಡಿಸುವ ಮೊದಲೇ ಪ್ರೈಮರ್ ಕುಡಿಸಿ. ತುದಿಗೆ ಒಂದು ಕೈ ಸಾಲದು. ಹೀರುವುದು ನಿಲ್ಲುವ ತನಕ ಎರಡು ಮೂರು ಸಲ ಹಚ್ಚಬೇಕು. ಕಾಲಿನ ತುದಿಗೆ ಎಪಾಕ್ಸಿ ಎಂಬ ಗಟ್ಟಿ ಅಂಟು ಹಚ್ಚಿ, ಅಡಿಗೆ ಪ್ಲಾಸ್ಟಿಕ್ ಅಥವಾ ರಬ್ಬರ್ ಗುಂಡಿ ಹೊಡೆದರೆ ಇನ್ನೂ ಒಳ್ಳೆಯದು.

ಇನ್ನು ಪ್ಯಾಲೆಟ್ಟು. ಎಲ್ಲರ ಕಣ್ಣು ಮೊದಲು ಬೀಳುವುದು ಅದರ ಮೇಲೇ. ಸಿಕ್ಕಿದ್ದನ್ನೆಲ್ಲ ಹೊತ್ತು ತರಬೇಡಿ, ಪಕ್ಕದ ಮುದ್ರೆ ಓದಿ. ಅಂತಾರಾಷ್ಟ್ರೀಯ ಸಾಗಣೆಗೆ ಬಳಸಿದ ಪ್ಯಾಲೆಟ್ಟಿನ ಮೇಲೆ ತೆನೆಯ ಚಿತ್ರ, ದೇಶದ ಸಂಕೇತ, ಕೀಟ ಸಾಯಲೆಂದು ಮರಕ್ಕೆ ಕೊಟ್ಟ ಉಪಚಾರದ ಸಂಕೇತ ಇರುತ್ತವೆ. ಎಚ್‌ಟಿ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾದಿದೆ ಎಂದರ್ಥ. ಅದನ್ನು ಧೈರ್ಯವಾಗಿ ಬಳಸಬಹುದು. ಎಂಬಿ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಉಪಚರಿಸಿದ್ದು, ಅದನ್ನು ಬಿಟ್ಟುಬಿಡಿ. ಎಣ್ಣೆ ಕಲೆ, ರಾಸಾಯನಿಕದ ವಾಸನೆ ಇದ್ದರೂ ಬೇಡ. ಅಲ್ಲೇನು ಚೆಲ್ಲಿತ್ತೋ ಬಲ್ಲವರಾರು. ಪೂರ್ತಿ ಬಣ್ಣ ಬಳಿದ ಪ್ಯಾಲೆಟ್ಟುಗಳು ಸಾಮಾನ್ಯವಾಗಿ ಬಾಡಿಗೆ ಕಂಪನಿಗಳ ಸ್ವತ್ತು. ಎಸೆದಂತೆ ಕಂಡರೂ ಕೇಳದೆ ತರುವಂತಿಲ್ಲ.

ಬಿಚ್ಚುವಾಗ ಸನ್ನೆಕೋಲು ಹಾಕಿ ಎಬ್ಬಲು ಹೋದರೆ ಅರ್ಧಕ್ಕರ್ಧ ಹಲಗೆ ಸೀಳುತ್ತವೆ. ಮರದಿಂದ ಹೊರಬರಬಾರದು ಅಂತಲೇ ಅದರ ಮೊಳೆಗಳಿಗೆ ತಿರುಚು ಅಥವಾ ಉಂಗುರದ ಗೆರೆ ಕೊಟ್ಟಿರುತ್ತಾರೆ. ಹಲಗೆಗೂ ಅಡಿಯ ದಿಮ್ಮಿಗೂ ನಡುವೆ ಲೋಹ ಕೊಯ್ಯುವ ಬ್ಲೇಡ್ ತೂರಿಸಿ ಮೊಳೆಯನ್ನೇ ಕತ್ತರಿಸುವುದು ಸುಲಭ. ಮೊಳೆಯ ತಲೆ ಹಲಗೆಯಲ್ಲೇ ಉಳಿಯುತ್ತದೆ, ಉಳಿಯಲಿ. ಅದಕ್ಕೊಂದು ತೊಟ್ಟು ತುಕ್ಕು ನಿರೋಧಕ ಪ್ರೈಮರ್ ಹಚ್ಚದಿದ್ದರೆ ಮಾತ್ರ ಮೇಲಿನ ಬಣ್ಣದಲ್ಲಿ ಕಂದು ಚುಕ್ಕೆ ಎದ್ದು ಬರುತ್ತದೆ.

ಬಿಚ್ಚದೆಯೇ ಎರಡು ಪ್ಯಾಲೆಟ್ಟು ಒಂದರ ಮೇಲೊಂದಿಟ್ಟು ಸೋಫಾ ಮಾಡುವುದೂ ಉಂಟು. ಎತ್ತರದ ಲೆಕ್ಕ ಅಲ್ಲಿ ಚೆನ್ನಾಗಿ ಹೊಂದುತ್ತದೆ. ಯೂರೋ ಮಾದರಿಯ ಪ್ಯಾಲೆಟ್ಟು 120 ಸೆಂ.ಮೀ. ಉದ್ದ, 80 ಸೆಂ.ಮೀ. ಅಗಲ, 14.4 ಸೆಂ.ಮೀ. ಎತ್ತರ. ಎರಡು ಸೇರಿದರೆ ಸುಮಾರು 29, ಮೇಲೆ 15 ಸೆಂ.ಮೀ. ದಪ್ಪದ ಸ್ಪಂಜು ಹಾಕಿದರೆ 44. ಕೂತಾಗ ಒಂದಿಷ್ಟು ಕುಸಿದರೂ ಸೋಫಾಕ್ಕೆ ಸರಿಯಾದ ಎತ್ತರವೇ ಸಿಗುತ್ತದೆ. ಕೆಡುವುದು ಆಳದಲ್ಲಿ. 80 ಸೆಂ.ಮೀ. ಆಳದ ಆಸನದಲ್ಲಿ ಬೆನ್ನು ಹಿಂದಕ್ಕೆ ತಾಗಬೇಕಾದರೆ ಮೊಣಕಾಲು ಮಡಚಲು ಆಗುವುದಿಲ್ಲ. ಒಂದೋ 25ರಿಂದ 30 ಸೆಂ.ಮೀ. ದಪ್ಪದ ಬೆನ್ನುದಿಂಬು ಇಡಿ, ಇಲ್ಲವೇ ಪ್ಯಾಲೆಟ್ಟನ್ನು 60 ಸೆಂ.ಮೀ.ಗೆ ಕೊಯ್ಯಿರಿ. ಕೊಯ್ದರೆ ಅಂಚಿನ ಆಧಾರ ಹೋಗುತ್ತದೆ, ಅಲ್ಲಿಗೆ ಹೊಸ ದಿಮ್ಮಿ ಕೊಡಬೇಕು.

ಗರಗಸದ ಗೋಜೇ ಬೇಡ ಅನ್ನುವವರಿಗೆ ನಮ್ಮ ಮೊದಲ ಸಲಹೆ ಬ್ಲಾಕಿನ ಬೆಂಚು. 40 × 20 × 20 ಸೆಂ.ಮೀ. ಅಳತೆಯ ನಾಲ್ಕು ಟೊಳ್ಳು ಕಾಂಕ್ರೀಟ್ ಬ್ಲಾಕು, 150 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪದ ಮೂರು ಹಲಗೆ, 38 ಸೆಂ.ಮೀ. ಉದ್ದದ 4 × 4 ಸೆಂ.ಮೀ. ಎರಡು ಪಟ್ಟಿ, 5 ಮಿ.ಮೀ. ದಪ್ಪ 70 ಮಿ.ಮೀ. ಉದ್ದದ 12 ಸ್ಕ್ರೂ. ಸಾಮಾನು ಇಷ್ಟೇ. ಮೂರು ಹಲಗೆಗಳನ್ನು 6 ಮಿ.ಮೀ. ಸಂದು ಬಿಟ್ಟು ಮಗುಚಿ ಮಲಗಿಸಿ. ಹಲಗೆ ಕೊಂಚ ಬಾಗಿದ್ದರೆ ಉಬ್ಬು ಮೇಲಕ್ಕೆ ಬರಲಿ, ಗುಳಿ ಮೇಲಾದರೆ ನೀರು ನಿಲ್ಲುತ್ತದೆ. ಎರಡೂ ತುದಿಯಿಂದ 40 ಸೆಂ.ಮೀ. ಒಳಗೆ ಗೆರೆ ಎಳೆದು, ಗೆರೆಯ ಒಳಬದಿಗೆ ಪಟ್ಟಿಯಿಟ್ಟು, ಪ್ರತಿ ಹಲಗೆಗೆ ಎರಡರಂತೆ ಅಡಿಯಿಂದಲೇ ಸ್ಕ್ರೂ ಹಾಕಿ. ಹೀಗೆ ಮಾಡಿದರೆ ಕೂರುವ ಮೇಲ್ಮೈಯಲ್ಲಿ ಒಂದೂ ತೂತು ಇರುವುದಿಲ್ಲ, ನೀರು ಇಳಿಯುವ ದಾರಿಯೂ ಇಲ್ಲ.

ಬ್ಲಾಕುಗಳನ್ನು ಆ ಕಡೆ ಎರಡು, ಈ ಕಡೆ ಎರಡು ಪೇರಿಸಿ. ಉದ್ದದ ಬದಿ ಹಿಂದೆ ಮುಂದೆ ಇರಲಿ, ಎರಡು ಕಂಬಗಳ ನಡುವೆ ತೆರವು 70 ಸೆಂ.ಮೀ. ಇರಲಿ. ಮೇಲೆ ಆಸನ ಇಟ್ಟಾಗ ಎರಡೂ ಪಟ್ಟಿ ಬ್ಲಾಕಿನ ಒಳಮುಖಕ್ಕೆ ತಾಗಿ ಕೂರುತ್ತವೆ, ಆಸನ ಉದ್ದಕ್ಕೆ ಜರುಗುವುದಿಲ್ಲ. ಎತ್ತರ 44 ಸೆಂ.ಮೀ. ಬರುತ್ತದೆ. ಕಾಂಕ್ರೀಟು ನೆಲದ ತೇವ ಹೀರಿ ಮೇಲಕ್ಕೆ ಕಳಿಸುತ್ತದೆ, ಆದ್ದರಿಂದ ಮರಕ್ಕೂ ಬ್ಲಾಕಿಗೂ ಮಧ್ಯೆ ಹಳೆ ಟ್ಯೂಬಿನ ರಬ್ಬರ್ ತುಂಡುಗಳನ್ನು ಇಡಿ. ಹಿಂದೆ ಮುಂದೆ ಜಾರದಂತೆ ಹಿಡಿಯುವುದೂ ಅದೇ. ಮಣ್ಣಿನ ಮೇಲೆ ಇಡುವುದಾದರೆ ಅಡಿಯಲ್ಲಿ 5 ಸೆಂ.ಮೀ. ಜಲ್ಲಿ ಹಾಸಿ ದಮ್ಮಾಸು ಮಾಡಿ. ಮಕ್ಕಳು ಹತ್ತುವ ಮನೆಯಾದರೆ ಬರೀ ಪೇರಿಸಿ ಬಿಡಬೇಡಿ. ಮೇಲಿನ ಬ್ಲಾಕು ಕಾಲ ಮೇಲೆ ಬಿದ್ದರೆ ಮೂಳೆ ಉಳಿಯುವುದಿಲ್ಲ. ಹೊರಾಂಗಣದ ಅಂಟು ಹಚ್ಚಿ, ಅಥವಾ ಟೊಳ್ಳಿಗೆ ಕಾಂಕ್ರೀಟ್ ತುಂಬಿಸಿ ಎರಡನ್ನೂ ಒಂದು ಮಾಡಿ. ಹೊಸ ಕಾಂಕ್ರೀಟಿಗೆ ತಕ್ಷಣ ಬಣ್ಣ ಬೇಡ, ಅದರ ಕ್ಷಾರ ಬಣ್ಣವನ್ನು ತಿನ್ನುತ್ತದೆ. 28 ದಿನ ಬಿಡಿ.

ಹಲಗೆ ತೆಳುವಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಪ್ಯಾಲೆಟ್ಟಿನ ಹಲಗೆ 22 ಮಿ.ಮೀ. ಆಸುಪಾಸು ಇರುತ್ತದೆ. ಅದಕ್ಕೆ 40 ಸೆಂ.ಮೀ.ಗೊಂದು ಆಧಾರ ಬೇಕು.

ಸ್ಕ್ರೂ ವಿಷಯಕ್ಕೆ ಬರೋಣ. ಜಿಪ್ಸಂ ಹಲಗೆಗೆ ಹಾಕುವ ಕಪ್ಪು ಬಣ್ಣದ ಡ್ರೈವಾಲ್ ಸ್ಕ್ರೂ ಹೊರಗೆ ಬಳಸಲೇಬಾರದು. ಅದು ತುಕ್ಕು ಹಿಡಿಯುತ್ತದೆ, ಗಟ್ಟಿಯಾದರೂ ಪೆಡಸು. ಮರ ಹಿಗ್ಗಿ ಕುಗ್ಗುವಾಗ ತಲೆಯ ಹತ್ತಿರ ಪಟ್ಟನೆ ಮುರಿಯುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ತನ್ನಿ. ಸಮುದ್ರದ ಹತ್ತಿರವಾದರೆ 316 ದರ್ಜೆಯದು, ಬೇರೆ ಕಡೆ 304 ಸಾಕು. ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚಿರುವ ಓಕ್‌ನಂಥ ಮರದಲ್ಲಿ ಸಾದಾ ಕಬ್ಬಿಣ ಕಪ್ಪು ಕಲೆಯನ್ನೂ ಬಿಡುತ್ತದೆ. 5 ಮಿ.ಮೀ. ಸ್ಕ್ರೂವಿಗೆ ಮೆದು ಮರದಲ್ಲಿ 3 ಮಿ.ಮೀ., ಗಟ್ಟಿ ಮರದಲ್ಲಿ 3.5 ಮಿ.ಮೀ. ಮುಂಗಡ ತೂತು ಕೊರೆಯಿರಿ. ತುದಿಯ ಹತ್ತಿರ ತೂತಿಲ್ಲದೆ ಹಾಕಿದರೆ ಮರ ಸೀಳುವುದು ಖಚಿತ. ಒಮ್ಮೊಮ್ಮೆ ಅದೇ ದಿನ ಕಾಣುವುದಿಲ್ಲ, ಮೊದಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ.

ಮೇಲೆ ಏನು ಹಚ್ಚಬೇಕು? ಹೊಳೆಯುವ ವಾರ್ನಿಶ್ ಅಂದರೆ ಜನರಿಗೆ ಭಾರೀ ಪ್ರೀತಿ. ಹೊರಾಂಗಣಕ್ಕೆ ಅದು ಕೆಟ್ಟ ಆಯ್ಕೆ ಅನ್ನುವುದು ನಮ್ಮ ಅಭಿಪ್ರಾಯ. ಪಾರದರ್ಶಕ ಪದರದ ಮೂಲಕ ನೇರಳಾತೀತ ಕಿರಣ ಒಳಗೆ ಇಳಿದು ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನು ಒಡೆಯುತ್ತದೆ, ಪದರದ ಹಿಡಿತ ಸಡಿಲಾಗುತ್ತದೆ, ಒಂದು ಬಿರುಕಿನಿಂದ ನೀರು ಒಳಹೊಕ್ಕು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಪೂರ್ತಿ ಕೆರೆಯದೆ ಬೇರೆ ದಾರಿಯಿಲ್ಲ. ಪ್ರೈಮರ್ ಮೇಲೆ ಎರಡು ಕೈ ಹೊರಾಂಗಣ ಪೇಂಟ್ ಹೆಚ್ಚು ಬಾಳುತ್ತದೆ. ಮರದ ನಾರು ಕಾಣಬೇಕೆಂದರೆ ಬಣ್ಣದ ಅಂಶ ಬೆರೆಸಿದ ಹೊರಾಂಗಣ ಮರದೆಣ್ಣೆ ಹಚ್ಚಿ. ವರ್ಷಕ್ಕೊಮ್ಮೆ ತೊಳೆದು ಮತ್ತೆ ಸವರಿದರಾಯಿತು, ಕೆರೆಯುವ ಕೆಲಸವಿಲ್ಲ. ಸಮಯ ಬಂದಿದೆಯೇ ಎಂದು ತಿಳಿಯಲು ನಾಲ್ಕು ಹನಿ ನೀರು ಹಾಕಿ: ಮಣಿಯಂತೆ ನಿಂತರೆ ಇನ್ನೂ ಬೇಡ, ಹರಡಿ ಇಂಗಿದರೆ ಹಚ್ಚಿ. ಬರೀ ಅಗಸೆ ಎಣ್ಣೆ ಹಚ್ಚಿದರೆ ತೇವದ ವಾತಾವರಣದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಯಾವ ಬಣ್ಣವಾದರೂ ಹಲಗೆಯ ಅಡಿಭಾಗಕ್ಕೂ ಬೀಳಬೇಕು. ಒಂದೇ ಮುಖಕ್ಕೆ ಬಳಿದ ಹಲಗೆಯ ಎರಡು ಬದಿ ಬೇರೆ ಬೇರೆ ವೇಗದಲ್ಲಿ ತೇವ ಹೀರಿ, ಹಲಗೆ ದೋಣಿಯಾಗುತ್ತದೆ. ಹೊರಗೆ ಬಿದ್ದಿದ್ದ ಮರವನ್ನು ಎರಡು ಮೂರು ವಾರ ಮಾಡಿನ ಕೆಳಗೆ ಗಾಳಿಯಾಡುವಂತೆ ಒಣಗಿಸದೆ ಬಳಿದರೆ ಬಣ್ಣ ಗುಳ್ಳೆ ಏಳುತ್ತದೆ.

ನಡುವೆ ಒಂದು ಎಚ್ಚರಿಕೆ. ಮರದೆಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆಯಂಥ ಒಣಗುವ ಎಣ್ಣೆ ಗಾಳಿಯೊಡನೆ ಸೇರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

ಹೊಸದು ಮಾಡುವುದಕ್ಕಿಂತ ಹಳೆ ಕಬ್ಬಿಣದ ಕುರ್ಚಿ ಸರಿಪಡಿಸುವುದು ಹಲವು ಸಲ ಅಗ್ಗ. ಕೊಳವೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಎಲ್ಲಿಯೂ ಒಳಕ್ಕೆ ಹೋಗದಿದ್ದರೆ ಕುರ್ಚಿಗೆ ಆಯುಸ್ಸು ಇದೆ. ತಂತಿ ಬ್ರಷ್‌ನಿಂದ ಸಡಿಲ ತುಕ್ಕು ಕಿತ್ತು, 80 ನಂಬರಿನ ಉಜ್ಜುಕಾಗದ ಹಾಕಿ, ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ರಾತ್ರಿ ಬಿಟ್ಟರೆ ಬೆತ್ತಲೆ ಕಬ್ಬಿಣಕ್ಕೆ ಮತ್ತೆ ತುಕ್ಕು ಬರುತ್ತದೆ. ಮೇಲೆ ಎನಾಮೆಲ್ ಎರಡು ತೆಳು ಕೈ. ಕೊಳವೆಯ ಅತಿ ಕೆಳಗಿನ ಜಾಗದಲ್ಲಿ 5 ಮಿ.ಮೀ. ತೂತು ಇಲ್ಲದಿದ್ದರೆ ಕೊರೆಯಿರಿ. ಒಳಗೆ ಸೇರಿದ ನೀರು ಹೊರಹೋಗದೆ ಕಾಲನ್ನು ಒಳಗಿನಿಂದ ತಿನ್ನುತ್ತಿರುತ್ತದೆ, ಹೊರಗೆ ಎಷ್ಟು ಬಳಿದರೂ ಅಷ್ಟೇ. ಪ್ಲಾಸ್ಟಿಕ್ ಕುರ್ಚಿಯ ಕಾಲು ಬಿಸಿಲಿಗೆ ಪೆಡಸಾಗಿ ಬಿರುಕು ಬಿಟ್ಟಿದ್ದರೆ ಮಾತ್ರ ರಿಪೇರಿಗೆ ಕೈ ಹಾಕಬೇಡಿ. ಬಣ್ಣ ಬಳಿದರೆ ಬಿರುಕು ಮುಚ್ಚುತ್ತದೆ, ಕುರ್ಚಿ ಮುರಿಯುವುದು ತಪ್ಪುವುದಿಲ್ಲ.

ದಿಂಬಿನ ಸ್ಪಂಜು ಪ್ರತಿ ಘನ ಮೀಟರಿಗೆ 32 ಕೆ.ಜಿ. ಅಥವಾ ಹೆಚ್ಚು ಸಾಂದ್ರತೆಯದಿರಲಿ, ಕಡಿಮೆಯದು ಬೇಗ ಚಪ್ಪಟೆಯಾಗುತ್ತದೆ. ನೀರು ತಾಗದಿರಲಿ ಎಂದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತುವವರಿದ್ದಾರೆ. ಹೊಲಿಗೆಯ ಸಂದಿನಿಂದ ನೀರು ಹೇಗೂ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಮೇಲೆ ನೀರು ಜಾರುವ ಬಟ್ಟೆ, ಅಡಿಗೆ ಜಾಲರಿ ಬಟ್ಟೆ, ಹಿಂಬದಿಗೆ ಜಿಪ್ಪು. ಮಳೆ ನಿಂತ ಮೇಲೆ ದಿಂಬನ್ನು ಅಂಚಿನ ಮೇಲೆ ನಿಲ್ಲಿಸಿದರೆ ನೀರು ಬಸಿಯುತ್ತದೆ.

ಟೈರಿಗೆ ಹಗ್ಗ ಸುತ್ತಿದ ಪೀಠ ಫೋಟೋದಲ್ಲಿ ಚಂದ. ಹೊರಗಿಟ್ಟರೆ ಸೊಳ್ಳೆ ಸಾಕಿದಂತೆ. ಮಾಡಲೇಬೇಕೆಂದರೆ ಕೆಳಗಿನ ಅಂಚಿನಲ್ಲಿ 12 ಮಿ.ಮೀ.ನ ಆರೇಳು ತೂತು ಕೊರೆದು, ಮೇಲೆ ಕೆಳಗೆ ಎರಡೂ ಕಡೆ ಪ್ಲೈವುಡ್ ಮುಚ್ಚಿ, ಮಾಡಿನ ಕೆಳಗೇ ಇಡಿ.

ಮನೆಯೊಳಗಿನ ಅಲಂಕಾರದ ಬಗ್ಗೆಯೂ ಇದೇ ಉಸಿರಿನಲ್ಲಿ ಕೇಳುತ್ತಾರೆ. ಅಲ್ಲಿ ಮಳೆಯ ಕಾಟವಿಲ್ಲ, ಕೆಡುವುದೆಲ್ಲ ಅಳತೆಯಲ್ಲಿ. ಹೊಸ ಸಾಮಾನು ತರುವ ಮೊದಲು ಇದ್ದದ್ದನ್ನು ಸರಿಯಾದ ಜಾಗಕ್ಕೆ ತನ್ನಿ. ಪರದೆಯ ಕೋಲನ್ನು ಕಿಟಕಿಯ ಚೌಕಟ್ಟಿನಿಂದ 10ರಿಂದ 15 ಸೆಂ.ಮೀ. ಮೇಲೆ, ಎರಡೂ ಪಕ್ಕಕ್ಕೆ 15ರಿಂದ 20 ಸೆಂ.ಮೀ. ಆಚೆಗೆ ಹಾಕಿದರೆ, ಸರಿಸಿದ ಪರದೆ ಗಾಜನ್ನು ಮುಚ್ಚುವುದಿಲ್ಲ, ಕಿಟಕಿ ದೊಡ್ಡದಾಗಿ ಕಾಣುತ್ತದೆ. ಬಟ್ಟೆಯ ಅಗಲ ಕೋಲಿನ ಒಂದೂವರೆಯಿಂದ ಎರಡು ಪಟ್ಟು ಇರಲಿ. ಇಲ್ಲವಾದರೆ ದುಬಾರಿ ಬಟ್ಟೆಯೂ ಒಣಹಾಕಿದ ಚಾದರದ ಥರ ನೇತಾಡುತ್ತದೆ. ಚಾವಣಿಯ ಒಂದೇ ಬೆಳ್ಳನೆಯ ದೀಪಕ್ಕೆ ಬದಲು ಹಳದಿ ಛಾಯೆಯ, ಅಂದರೆ 2700ರಿಂದ 3000 ಕೆಲ್ವಿನ್‌ನ ಎರಡು ಮೂರು ಸಣ್ಣ ದೀಪಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಡಿ, ಎಲ್ಲಕ್ಕೂ ಒಂದೇ ಕೆಲ್ವಿನ್ ಇರಲಿ. ಚಿತ್ರಪಟಗಳನ್ನು ಬಹುತೇಕರು ತೀರಾ ಮೇಲೆ ತೂಗುಹಾಕುತ್ತಾರೆ. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರಕ್ಕೆ ಬರಬೇಕು, ಸೋಫಾದ ಮೇಲಾದರೆ ಬೆನ್ನಿನಿಂದ 15ರಿಂದ 20 ಸೆಂ.ಮೀ. ಬಿಟ್ಟರೆ ಸಾಕು. ಹಲವು ಪಟಗಳಿದ್ದರೆ ಅವುಗಳ ಆಕಾರಕ್ಕೆ ಹಳೆ ಪತ್ರಿಕೆ ಕತ್ತರಿಸಿ ಗೋಡೆಗೆ ಅಂಟಿಸಿ ನೋಡಿ, ಜಾಗ ಒಪ್ಪಿದ ಮೇಲೆ ಕಾಗದದ ಮೇಲೆಯೇ ಮೊಳೆ ಹೊಡೆದು ಕಾಗದ ಹರಿದು ತೆಗೆಯಿರಿ.