ಎರಡು ಕೇಬಲ್ಲು, ಒಂದೇ ಹೆಡ್‌ಫೋನು

ನನ್ನತ್ರ ಇರೋದು ಸೆನ್‌ಹೈಸರ್ ಎಚ್‌ಡಿ 600, ಓಪನ್ ಬ್ಯಾಕು, ಅಂದ್ರೆ ಹಿಂದ್ಗಡೆ ಬರೀ ಜಾಲರಿ, ಪಕ್ಕದ್ಮನೆ ಕುಕ್ಕರ್ ಕೂಗಿದ್ರೂ ಒಳಗೇ ಬರುತ್ತೆ, ಅದಕ್ಕೆ ತುಮಕೂರಲ್ಲಿ ಬಿ.ಎಚ್. ರೋಡಿನ ಗಾಡಿ ಸದ್ದು ತಗ್ಗಿದ್ಮೇಲೆ ಕೇಬಲ್ ಬದಲಾಯಿಸಿದ್ರೆ ಸದ್ದು ಬದಲಾಗುತ್ತಾ ಅಂತ ನೋಡೋಕೆ ರಾತ್ರಿ ಫ್ಯಾನ್ ಆಫ್ ಮಾಡ್ಕೊಂಡು ಕೂತೆ. ಒಂದು ಕಂಪ್ನಿ ಕೇಬಲ್ಲು, ಇನ್ನೊಂದು ಹೆಣೆದಿರೋ ತಾಮ್ರದ ಬ್ಯಾಲೆನ್ಸ್‌ಡ್ ಕೇಬಲ್ಲು, ಅಂದ್ರೆ ಪ್ಲಗ್‌ವರೆಗೂ ಎಡಗಿವಿಗೂ ಬಲಗಿವಿಗೂ ಪೂರ್ತಿ ಬೇರೆ ಬೇರೆ ಜೋಡಿ ತಂತಿ ಇರೋದು.

ಹೊಸದನ್ನ ಹಾಕಿದ್ ತಕ್ಷಣ ವೀಣೆ ಮೀಟು ಎದ್ದು ಬಂತು, ತಂಬೂರಿ ಶ್ರುತಿ ರೂಮೆಲ್ಲಾ ತುಂಬ್ಕೊಂಡಂಗಾಯ್ತು, ನಿಜವಾಗ್ಲೂ ಮೈ ಜುಮ್ಮಂತು. ಆದ್ರೆ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಬ್ಯಾಲೆನ್ಸ್‌ಡ್ ಔಟ್‌ಪುಟ್ ಅಂದ್ರೆ ವೋಲ್ಟೇಜು ಡಬಲ್ಲು, ಅಂದ್ರೆ 6 ಡೆಸಿಬಲ್ ಜಾಸ್ತಿ, ಜೋರಾಗಿದ್ದಿದ್ದು ಚೆನ್ನಾಗಿದೆ ಅಂತ್ಲೇ ಕೇಳ್ಸುತ್ತೆ. ಆಮೇಲೆ ಟೆಸ್ಟ್ ಟೋನ್ ಹಾಕಿ ಮಲ್ಟಿಮೀಟರಲ್ಲಿ ಎರಡ್ರ ವೋಲ್ಟೇಜೂ ಸಮ ಮಾಡ್ಕೊಂಡೆ, ನನ್ನ ತಮ್ಮ ಕೇಬಲ್ ಬದಲಾಯಿಸ್ತಾ ಹೋದ, ನಾನು ಕಣ್ಮುಚ್ಚಿ ಕೇಳ್ತಾ ಹೋದೆ, ಯಾವ್ದು ಯಾವ್ದಂತ ಒಂದ್ಸಲಾನೂ ಗಟ್ಟಿಯಾಗಿ ಹೇಳಕ್ಕಾಗ್ಲಿಲ್ಲ. ಕರೆಂಟಿಗೆ ಹೆಡ್‌ಫೋನಿನ ತಡೆಯೇ 300 ಓಮ್, ಅದ್ರ ಮುಂದೆ ಕೇಬಲ್ಲಿಂದು ಒಂದು ಓಮ್ ಇದ್ರೂ ವ್ಯತ್ಯಾಸ 0.03 ಡೆಸಿಬಲ್.

ಒಂದು ಮಾತ್ರ ಸ್ಪಷ್ಟವಾಗಿ ಕೇಳ್ಸಿದ್ದು, ಹೆಣೆದಿರೋ ಕೇಬಲ್ಲು ಅಂಗಿ ಕಾಲರ್‌ಗೆ ಉಜ್ಜಿದ್ರೆ ಪರಪರ ಅಂತ ಕಿವಿಗೇ ಬರುತ್ತೆ. ಕಂಪ್ನಿದೇ ವಾಪಸ್ ಹಾಕ್ಕೊಂಡಿದೀನಿ.